ಹೊಗೆಯ ಋಣವೂ ಸಸಿಯ ಹುಂಡಿಯೂ

ಈಚಿನ ಕೆಲವು ವರ್ಷಗಳಿಂದ ಪುರಸಭೆಗಳ ಠರಾವುಗಳಲ್ಲಿಯೂ ಶಾಲೆಗಳ ವಾರ್ಷಿಕೋತ್ಸವದ ಭಾಷಣಗಳಲ್ಲಿಯೂ 'ಇಂಗಾಲ ತಟಸ್ಥ ಪಟ್ಟಣ' ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಮಾತು ಹೊಸದು, ಉದ್ದೇಶವೂ ಒಳ್ಳೆಯದು. ಆದರೆ ಅದನ್ನು ಆಡುವವರು ಅದರ ಅರ್ಥವನ್ನು ವಿಚಾರಿಸಿದಂತೆ ಕಾಣುವುದಿಲ್ಲ. ತಟವೆಂದರೆ ದಡ, ತಟಸ್ಥನೆಂದರೆ ದಡದಲ್ಲಿ ನಿಂತವನು. ಹೊಳೆಯಲ್ಲಿ ಒಬ್ಬನು ಮುಳುಗುತ್ತಿರುವಾಗ ತಾನು ನೀರಿಗಿಳಿಯದೆ ನೋಡುತ್ತ ನಿಂತವನಿಗೂ ಈ ಹೆಸರೇ ಸಲ್ಲುವುದು. ಪರಭಾಷೆಯ ಶಬ್ದವೊಂದಕ್ಕೆ ಆತುರದಲ್ಲಿ ಮಾಡಿಕೊಂಡ ಈ ಪರ್ಯಾಯಪದವನ್ನು ನಮ್ಮ ಪಟ್ಟಣಗಳು ಅಕ್ಷರಶಃ ಆಚರಿಸುತ್ತಿವೆ ಎಂಬುದೇ ನನ್ನ ಆಕ್ಷೇಪ. ಠರಾವು ಮಾಡಿ, ಸಸಿ ನೆಟ್ಟು, ಛಾಯಾಚಿತ್ರ ತೆಗೆಸಿಕೊಂಡು, ಅವು ದಡದಲ್ಲಿ ನಿಂತಿವೆ.

ಮಾತಿನ ಹಿಂದಿರುವ ವಸ್ತುವಾದರೋ ದಡದಲ್ಲಿ ನಿಲ್ಲುವುದಲ್ಲ, ಲೆಕ್ಕ ತೀರಿಸುವುದು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು, ಅಡುಗೆಯ ಅನಿಲ, ಇವುಗಳಲ್ಲಿ ಯಾವುದನ್ನು ಸುಟ್ಟರೂ ಕೋಟ್ಯಂತರ ವರ್ಷಗಳಿಂದ ಭೂಗರ್ಭದಲ್ಲಿ ಅಡಗಿದ್ದ ಇಂಗಾಲವು ಡೈಆಕ್ಸೈಡ್ ಎಂಬ ವಾಯುವಾಗಿ ಆಕಾಶಕ್ಕೆ ಸೇರುವುದು. ಸೇರಿದುದರಲ್ಲಿ ದೊಡ್ಡದೊಂದು ಭಾಗ ನೂರಾರು ವರ್ಷ ಅಲ್ಲಿಯೇ ಉಳಿದು, ಭೂಮಿಯ ಶಾಖವನ್ನು ಹೊರಗೆ ಹೋಗಗೊಡದೆ ತಡೆಯುವುದು. ಹೀಗಾಗುವುದೆಂದು ಸ್ವೀಡನ್ ದೇಶದ ಅರೇನಿಯಸ್ ಎಂಬ ವಿದ್ವಾಂಸನು ೧೮೯೬ರಲ್ಲಿಯೇ ಗಣಿತಮಾಡಿ ತೋರಿಸಿದ್ದನು. ೧೯೫೮ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಕೀಲಿಂಗ್ ಎಂಬ ವಿಜ್ಞಾನಿಯು ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ವಾಯುವಿನ ಪಾಲು ಸುಮಾರು ೩೧೫ ಇದ್ದಿತು. ಈಗ ಅದು ೪೨೦ನ್ನು ದಾಟಿದೆ. ಊರೊಂದು ವರ್ಷದಲ್ಲಿ ಹೊರಬಿಟ್ಟ ಹೊಗೆಯೆಲ್ಲ ಅದರ ಸಾಲ. ಅದರ ಮರಗಳೂ ಮಣ್ಣೂ ಹೀರಿಕೊಂಡುದು ತೀರುವಳಿ. ಇವೆರಡೂ ಸಮನಾದ ವರ್ಷ ಆ ಊರು ಋಣಮುಕ್ತವಾಯಿತೆಂದು ಹೇಳಬಹುದು. ಆದಕಾರಣ ಈ ಲೇಖನದಲ್ಲಿ 'ತಟಸ್ಥ'ನನ್ನು ದಡದಲ್ಲಿಯೇ ಬಿಟ್ಟು 'ಋಣಮುಕ್ತಿ' ಎಂಬ ಮಾತನ್ನೇ ಬಳಸುವೆನು.

ತರ್ಕಪದ್ಧತಿಯಂತೆ ನನ್ನ ಪ್ರತಿಜ್ಞೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣದೊಂದು ಊರು ಹೊಗೆಯ ಋಣದಿಂದ ಮುಕ್ತವಾಗುವುದು ಸಾಧ್ಯ; ಆದರೆ ಅದಕ್ಕೊಂದು ಕ್ರಮವುಂಟು. ಮೊದಲು ಲೆಕ್ಕ, ಅನಂತರ ಮಿತವ್ಯಯ, ಆಮೇಲೆ ಊರವರ ಸ್ವಂತದ ಶಕ್ತಿಯಂತ್ರ, ಕಟ್ಟಕಡೆಗೆ, ಎಷ್ಟು ಮಾಡಿದರೂ ತೀರದೆ ಉಳಿದ ಚಿಲ್ಲರೆ ಸಾಲಕ್ಕಾಗಿ, ಸಸಿ. ನಾವು ಕಡೆಯದರಿಂದ ಹೊರಟಿದ್ದೇವೆ, ಅಲ್ಲಿಯೇ ನಿಂತೂ ಇದ್ದೇವೆ.

ಮೊದಲನೆಯ ಪೂರ್ವಪಕ್ಷವು ಹೀಗಿದೆ: ಮರವು ಇಂಗಾಲವನ್ನು ಹೀರುವುದು ಶಾಸ್ತ್ರಸಿದ್ಧವಷ್ಟೆ, ಆದುದರಿಂದ ಬೇಕಾದಷ್ಟು ಮರಗಳನ್ನು ನೆಟ್ಟರೆ ಸಾಕು, ಉಳಿದುದೆಲ್ಲ ಇದ್ದಂತೆಯೇ ಇರಬಹುದು. ಇದಕ್ಕೆ ಉತ್ತರವನ್ನು ಪ್ರಾಥಮಿಕ ಶಾಲೆಯ ಗುಣಾಕಾರವೇ ಕೊಡುವುದು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ೨.೩ ಕಿಲೋ ಡೈಆಕ್ಸೈಡು ಹುಟ್ಟುವುದು. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಎರಡು ಕಿಲೋವಿಗೂ ಮಿಕ್ಕ ವಾಯು ಹೇಗೆ ಬಂದಿತೆಂದು ಜಾಣ ಹುಡುಗರು ಕೇಳುವರು. ಗಾಳಿಯ ಆಮ್ಲಜನಕವು ಇಂಗಾಲದೊಡನೆ ಕೂಡಿಕೊಳ್ಳುವುದರಿಂದ ತೂಕ ಹೆಚ್ಚುವುದೆಂದು ಅವರಿಗೆ ತಿಳಿಸಬೇಕು. ದಿನಕ್ಕೆ ಒಂದು ಲೀಟರು ಕುಡಿಯುವ ಸ್ಕೂಟರಿನಿಂದ ವರ್ಷಕ್ಕೆ ಸುಮಾರು ೮೪೦ ಕಿಲೋ ಆಯಿತು. ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ೨೦ ಕಿಲೋ ಹೀರುವುದೆಂದು ಉದಾರವಾಗಿ ಹಿಡಿದರೂ ಒಂದು ಸ್ಕೂಟರಿಗೆ ೪೨ ಮರಗಳು ಬೇಕು. ಅಂಥ ಸಾವಿರ ಸ್ಕೂಟರುಗಳುಳ್ಳ ಪಟ್ಟಣಕ್ಕೆ ೪೨,೦೦೦. ಇನ್ನು ೧೪.೨ ಕಿಲೋ ಅನಿಲ ತುಂಬಿದ ಒಂದು ಸಿಲಿಂಡರಿನಿಂದ ಸುಮಾರು ೪೨ ಕಿಲೋ. ಕಲ್ಲಿದ್ದಲಿನಿಂದ ಹುಟ್ಟಿದ ವಿದ್ಯುತ್ತಿನ ಒಂದೊಂದು ಯೂನಿಟ್ಟಿಗೆ ಹೆಚ್ಚುಕಡಮೆ ಒಂದು ಕಿಲೋ. ಇವನ್ನೆಲ್ಲ ಕೂಡಿಸಿ, ಪರಿಸರ ದಿನದಂದು ಕೆರೆಯ ಏರಿಯ ಮೇಲೆ ನೆಡುವ ನೂರು ಸಸಿಗಳ ಪಕ್ಕದಲ್ಲಿಟ್ಟು ನೋಡಿದರೆ ಉತ್ಸವದ ಬೆಲೆ ತಾನೇ ತಿಳಿಯುವುದು.

ಕಾಲದ ಮಾತನ್ನು ಇನ್ನೂ ಎತ್ತಿಲ್ಲ. ಹೊಗೆಯು ಇಂದೇ ಹೊರಟಿತು. ಸಸಿಯು ಮರವಾಗಿ ಹೀರತೊಡಗುವುದು ಎಷ್ಟೋ ವರ್ಷಗಳ ಮೇಲೆ, ಅದೂ ದನ, ಬರಗಾಲ, ರಸ್ತೆಯ ಅಗಲೀಕರಣ ಈ ಮೂರರ ಕೈಗೆ ಸಿಕ್ಕದೆ ಉಳಿದರೆ. ಉಳಿದರೂ, ಮುಂದೊಂದು ದಿನ ಕಡಿದು ಸುಟ್ಟಾಗ ಹೀರಿದುದೆಲ್ಲ ಪುನಃ ಆಕಾಶಕ್ಕೇ. ಹೀಗಿರುವಾಗ ಸಸಿಯೆಂಬುದು ಸಾಲದ ತೀರುವಳಿಯಲ್ಲ; ಮಕ್ಕಳ ಹೆಸರಿಗೆ ಬರೆದುಕೊಟ್ಟ ಹುಂಡಿ. ಶಾಸ್ತ್ರಕಾರರು ಪಂಕಪ್ರಕ್ಷಾಲನ ನ್ಯಾಯವೆಂದು ಒಂದನ್ನು ಹೇಳುವರು: ಕೆಸರನ್ನು ಮೆತ್ತಿಕೊಂಡು ತೊಳೆಯುವುದಕ್ಕಿಂತ ಮುಟ್ಟದೆ ದೂರವಿರುವುದು ಲೇಸು ಎಂಬುದು ಅದರ ತಾತ್ಪರ್ಯ. ನಮ್ಮ ಪಟ್ಟಣಗಳು ಕೆಸರಿನಲ್ಲಿ ಹೊರಳುತ್ತಲೇ, ಇಪ್ಪತ್ತು ವರ್ಷದ ಮೇಲೆ ಸ್ನಾನಮಾಡುವೆವೆಂದು ಸಂಕಲ್ಪ ಹೇಳಿಕೊಳ್ಳುತ್ತಿವೆ. ಘಟ್ಟಕುಟೀಪ್ರಭಾತವೆಂಬ ಇನ್ನೊಂದು ನ್ಯಾಯವೂ ಉಂಟು. ಸುಂಕವನ್ನು ತಪ್ಪಿಸಿಕೊಳ್ಳಲು ಇರುಳೆಲ್ಲ ಅಡ್ಡದಾರಿಗಳಲ್ಲಿ ಅಲೆದ ವರ್ತಕನಿಗೆ ಬೆಳಗಾಗುವ ಹೊತ್ತಿಗೆ ಸುಂಕದ ಕಟ್ಟೆಯೇ ಎದುರಾಯಿತಂತೆ. ಮಿತವ್ಯಯವೆಂಬ ಸುಂಕವನ್ನು ಕೊಡಲೊಲ್ಲದೆ ಸಸಿಗಳ ಅಡ್ಡದಾರಿ ಹಿಡಿದವರಿಗೂ ಅದೇ ಕಟ್ಟೆಯೇ ಎದುರಾಗುವುದು. ಅಷ್ಟರಲ್ಲಿ ಬಡ್ಡಿ ಬೆಳೆದಿರುವುದು.

ನಾನು ಮರಗಳ ವೈರಿಯೆಂದು ಯಾರೂ ಭಾವಿಸಬಾರದು. ನೆರಳಿಗೆ, ಮಳೆನೀರು ಇಂಗುವುದಕ್ಕೆ, ಹಕ್ಕಿಗೆ, ಹಣ್ಣಿಗೆ ಮರ ಬೇಕೇ ಬೇಕು. ಮರವನ್ನು ಲೆಕ್ಕದೊಳಗೆ ಪ್ರಾಮಾಣಿಕವಾಗಿ ತಂದವರೂ ಇದ್ದಾರೆ. ನಮ್ಮ ಗಡಿಗೆ ತಗುಲಿಕೊಂಡಿರುವ ಕೇರಳದ ವಯನಾಡು ಜಿಲ್ಲೆಯಲ್ಲಿ ಮೀನಂಗಾಡಿ ಎಂಬ ಗ್ರಾಮಪಂಚಾಯಿತಿಯಿದೆ. ೨೦೧೬ರಲ್ಲಿ ಈ ಕಾರ್ಯಕ್ಕೆ ಕೈಯಿಟ್ಟ ಆ ಊರವರು ಹೊಗೆಯೆಷ್ಟು, ಹೀರುವಿಕೆಯೆಷ್ಟು ಎಂದು ಅಳೆಯಿಸಿದರು. ಮೊದಲನೆಯದೇ ಹೆಚ್ಚೆಂದು ತಿಳಿಯಿತು. ಅನಂತರ ಅಲ್ಲಿ ಮರದ ಬ್ಯಾಂಕು ಎಂಬ ಏರ್ಪಾಡು ಹುಟ್ಟಿತು. ತನ್ನ ಹೊಲದಲ್ಲಿ ಮರ ಬೆಳೆಸುವ ರೈತನಿಗೆ ಮರವೊಂದಕ್ಕೆ ವರ್ಷಕ್ಕೆ ೫೦ ರೂಪಾಯಿಯಂತೆ ಸಹಕಾರ ಬ್ಯಾಂಕಿನಿಂದ ಬಡ್ಡಿಯಿಲ್ಲದ ಸಾಲ. ಮರ ಕಡಿದನೋ, ಹಣವನ್ನು ಹಿಂದಿರುಗಿಸಬೇಕು. ಇಲ್ಲಿ ಗಮನಿಸತಕ್ಕ ವಿಶೇಷವು ಸಸಿಯಲ್ಲ, ಪುಸ್ತಕ. ಯಾವ ಮರ ಯಾರದು, ಅದು ಇದೆಯೋ ಹೋಯಿತೋ ಎಂಬ ಬರೆಹವಿದ್ದಲ್ಲಿ ಮಾತ್ರ ಮರವು ತೀರುವಳಿಯ ಪಂಕ್ತಿಯಲ್ಲಿ ಕೂರಬಲ್ಲುದು. ನಮ್ಮ ಪಟ್ಟಣಗಳಲ್ಲಿ ಕಳೆದ ವರ್ಷದ ಸಸಿಗಳು ಎಷ್ಟು ಬದುಕಿವೆಯೆಂಬ ಪ್ರಶ್ನೆಗೆ ಉತ್ತರ ಹೇಳುವ ಪುಸ್ತಕ ಯಾವ ಕಚೇರಿಯ ಬೀರುವಿನಲ್ಲಿದೆಯೆಂದು ವಾಚಕರು ವಿಚಾರಿಸಿ ನೋಡಬಹುದು.

ಎರಡನೆಯ ಪೂರ್ವಪಕ್ಷವು ಇದಕ್ಕೆ ವಿರುದ್ಧದಿಕ್ಕಿನಿಂದ ಬರುವುದು: ಇದೆಲ್ಲ ಮಹಾರಾಷ್ಟ್ರಗಳ ಕೆಲಸ, ಅಮೆರಿಕವೂ ಚೀನವೂ ಹೊಗೆಯುಗುಳುತ್ತಿರಲು ಸಣ್ಣ ಊರೊಂದು ಮಾಡಿದರೆಷ್ಟು, ಬಿಟ್ಟರೆಷ್ಟು? ಈ ಮಾತಿನಲ್ಲಿ ವಿನಯದ ವೇಷ ತೊಟ್ಟ ಸೋಮಾರಿತನವಿದೆ. ಇದಕ್ಕೆ ತರ್ಕಕ್ಕಿಂತ ದೃಷ್ಟಾಂತವೇ ಉತ್ತಮವಾದ ಉತ್ತರ.

ಡೆನ್ಮಾರ್ಕ್ ದೇಶಕ್ಕೆ ಸೇರಿದ ಸಾಮ್ಸೊ ಎಂಬ ದ್ವೀಪವುಂಟು. ಅದರ ವಿಸ್ತಾರ ೧೧೪ ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು ೪,೦೦೦. ಆಲೂಗೆಡ್ಡೆ ಬೆಳೆದು ಜೀವಿಸುವ ರೈತರೇ ಹೆಚ್ಚು. ನಮ್ಮ ಹೋಬಳಿಯ ಊರುಗಳಲ್ಲಿಯೂ ಅದಕ್ಕಿಂತ ಹೆಚ್ಚು ಜನರಿರುವ ಊರುಗಳುಂಟು. ಅವರ ಎಣ್ಣೆಯು ಹಡಗಿನಲ್ಲಿಯೂ ಕಲ್ಲಿದ್ದಲಿನ ವಿದ್ಯುತ್ತು ಸಮುದ್ರದೊಳಗಿನ ತಂತಿಯಲ್ಲಿಯೂ ಹೊರಗಿನಿಂದ ಬರುತ್ತಿದ್ದುವು. ೧೯೯೭ರಲ್ಲಿ ಡೆನ್ಮಾರ್ಕಿನ ಸರ್ಕಾರವು ಏರ್ಪಡಿಸಿದ ಸ್ಪರ್ಧೆಯೊಂದರಲ್ಲಿ ಈ ದ್ವೀಪವು ಆರಿಸಲ್ಪಟ್ಟಿತು. ಹತ್ತು ವರ್ಷಗಳೊಳಗಾಗಿ ತನಗೆ ಬೇಕಾದ ಶಕ್ತಿಯನ್ನೆಲ್ಲ ಗಾಳಿ, ಬಿಸಿಲು, ಹುಲ್ಲುಗಳಿಂದಲೇ ಪಡೆಯಬೇಕೆಂಬುದು ಪಣ. ದೊಡ್ಡ ಬಹುಮಾನವೇನೂ ಇರಲಿಲ್ಲ. ಜನರೂ ಮೊದಮೊದಲು ಕಿವಿಗೊಡಲಿಲ್ಲ. ಅಲ್ಲಿಯ ರೈತಕುಟುಂಬದಲ್ಲಿ ಹುಟ್ಟಿ ಉಪಾಧ್ಯಾಯವೃತ್ತಿಯಲ್ಲಿದ್ದ ಸೋರೆನ್ ಹೆರ್ಮಾನ್ಸೆನ್ ಎಂಬವರು ಸಭೆಯಿಂದ ಸಭೆಗೆ, ಮನೆಯಿಂದ ಮನೆಗೆ ತಿರುಗಿ, ಒಪ್ಪದವರೊಡನೆ ಕುಳಿತು ಮಾತಾಡಿ, ಮೆಲ್ಲಮೆಲ್ಲನೆ ಊರನ್ನು ಎಬ್ಬಿಸಿದರು. ೨೦೦೦ದಲ್ಲಿ ನೆಲದ ಮೇಲೆ ೧೧ ಗಾಳಿಯಂತ್ರಗಳು ನಿಂತುವು. ದ್ವೀಪಕ್ಕೆ ಬೇಕಾದ ವಿದ್ಯುತ್ತಿಗೆ ಅವೇ ಸಾಕಾದುವು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಒಬ್ಬೊಬ್ಬರೂ ಬೇರೆಬೇರೆಯಾಗಿ ಎಣ್ಣೆ ಉರಿಸುವುದನ್ನು ಬಿಟ್ಟು, ಒಕ್ಕಣೆಯಲ್ಲಿ ಉಳಿದ ಹುಲ್ಲನ್ನು ಒಂದೆಡೆ ಉರಿಸಿ ನೀರು ಕಾಯಿಸಿ, ಆ ಬಿಸಿನೀರನ್ನು ಕೊಳವೆಗಳಲ್ಲಿ ಊರಿಗೆಲ್ಲ ಹಂಚಿಕೊಂಡರು. ಒಲೆಯ ಬೂದಿಯು ಹೊಲಕ್ಕೇ ಹಿಂದಿರುಗಿತು.

ಮೋಟಾರುಗಳನ್ನೂ ದೋಣಿಗಳನ್ನೂ ಎಣ್ಣೆಯಿಂದ ಬಿಡಿಸುವುದು ಅವರಿಂದಲೂ ಕೂಡಲೇ ಆಗಲಿಲ್ಲ. ಆಗ ಅವರೇನು ಮಾಡಿದರು? ಆ ಹೊಗೆಯನ್ನು ಲೆಕ್ಕದಿಂದ ಕೈಬಿಡಲಿಲ್ಲ, ಸಸಿ ನೆಟ್ಟು ಮರೆಮಾಡಲೂ ಇಲ್ಲ. ೨೦೦೩ರ ಹೊತ್ತಿಗೆ ಸಮುದ್ರದಲ್ಲಿ ಇನ್ನೂ ಹತ್ತು ದೊಡ್ಡ ಗಾಳಿಯಂತ್ರಗಳನ್ನು ನಿಲ್ಲಿಸಿ, ತಮ್ಮ ಮೋಟಾರು, ದೋಣಿಗಳು ಉರಿಸುವಷ್ಟಕ್ಕೆ ಸಮನಾದ ಶಕ್ತಿಯನ್ನು ದೇಶದ ತಂತಿಗೆ ಕೊಟ್ಟರು. ಪಡೆದುದೂ ಕೊಟ್ಟುದೂ ಎರಡೂ ಪುಸ್ತಕದಲ್ಲಿವೆ. ಎಣ್ಣೆಯ ಸಾಲ ಉಳಿದಿದೆಯೆಂದು ಅವರೇ ಬಾಯಿಬಿಟ್ಟು ಹೇಳುವರು. ಹಾಗೆ ಹೇಳಿದ್ದರಿಂದ ಅವರ ಕೀರ್ತಿ ಕುಂದಲಿಲ್ಲ.

ಆಸ್ಟ್ರಿಯ ದೇಶದ ಗ್ಯೂಸಿಂಗ್ ಎಂಬ ಊರಿನ ಕಥೆಯು ಇದಕ್ಕಿಂತಲೂ ನಮಗೆ ಹತ್ತಿರ. ಹಂಗೇರಿಯ ಗಡಿಯ ಬಳಿ ಸುಮಾರು ೪,೦೦೦ ಜನರಿರುವ ಬಡ ಊರು, ರೈಲಿಲ್ಲ, ಹೆದ್ದಾರಿಯಿಲ್ಲ, ದುಡಿಯುವವರು ಸೋಮವಾರ ವಿಯೆನ್ನಾ ನಗರಕ್ಕೆ ಹೋಗಿ ವಾರದ ಕೊನೆಗೆ ಬರುತ್ತಿದ್ದರು. ಸುತ್ತಲೂ ಕಾಡಿದ್ದರೂ ಎಣ್ಣೆಗಾಗಿ ಹಣವು ಹೊರಗೆ ಹೋಗುತ್ತಿದ್ದಿತು. ೧೯೯೦ರಲ್ಲಿ ಅಲ್ಲಿಯ ಪುರಸಭೆಯು ನೆಲದೊಳಗಿನ ಇಂಧನವನ್ನು ಬಿಡುವೆವೆಂದು ಠರಾವು ಮಾಡಿತು. ಠರಾವಾದ ಮೇಲೆ ಮೊದಲು ಮಾಡಿದ ಕೆಲಸವೇನು? ಹೊಸ ಯಂತ್ರ ಕೊಂಡರೆ? ಇಲ್ಲ. ಪುರಸಭೆಯ ಕಟ್ಟಡಗಳಲ್ಲಿ ಶಾಖ ಸೋರುವ ಕಡೆಗಳನ್ನು ಮುಚ್ಚಿ, ಬೀದಿದೀಪಗಳನ್ನು ಬದಲಾಯಿಸಿ, ಪುರಸಭೆಯ ಇಂಧನದ ಖರ್ಚನ್ನು ಅರ್ಧದಷ್ಟಕ್ಕೆ ಇಳಿಸಿದರು. ಅನಂತರ ೧೯೯೬ರಲ್ಲಿ ಕಾಡಿನ ಉಳಿಕೆಮರದಿಂದ ಊರಿಗೆಲ್ಲ ಬಿಸಿನೀರಿನ ಕೊಳವೆ ಬಂದಿತು. ೨೦೦೧ರಲ್ಲಿ ಮರದ ಚಕ್ಕೆಗಳನ್ನು ಅನಿಲವಾಗಿಸಿ ವಿದ್ಯುತ್ತು ತೆಗೆಯುವ ಸ್ಥಾವರ ನಿಂತಿತು. ಅದನ್ನು ನೋಡಲು ದೇಶದೇಶಗಳಿಂದ ಜನ ಬಂದರು. ಹೊಸ ಕಾರ್ಖಾನೆಗಳೂ ಬಂದುವು.

ಈ ಕಥೆಯ ಉತ್ತರಾರ್ಧವನ್ನು ನಮ್ಮ ಭಾಷಣಕಾರರು ಹೇಳುವುದಿಲ್ಲ. ಆದುದರಿಂದ ನಾನು ಹೇಳುತ್ತೇನೆ. ಮರದ ಬೆಲೆ ಏರಿತು. ವಿದ್ಯುತ್ತಿಗೆ ಸರ್ಕಾರವು ಕೊಡುತ್ತಿದ್ದ ವಿಶೇಷ ಬೆಲೆಗೆ ಅವಧಿಯಿದ್ದಿತು. ೨೦೧೩ರಲ್ಲಿ ಆ ಪ್ರಸಿದ್ಧ ಸ್ಥಾವರವನ್ನು ನಡೆಸುತ್ತಿದ್ದ ಸಂಸ್ಥೆಯು ದಿವಾಳಿಯೆದ್ದಿತು. ೨೦೧೬ರಲ್ಲಿ ಸ್ಥಾವರವು ನಿಂತುಹೋಯಿತು. ಇದರಿಂದ ಗ್ಯೂಸಿಂಗಿನವರು ಸೋತರೆನ್ನುವವರು ಅವಸರಪಡುತ್ತಾರೆ. ನಿಂತುದು ಯಂತ್ರ, ಮಿತವ್ಯಯದಿಂದ ಉಳಿದ ಅರ್ಧವನ್ನು ಯಾವ ಪೇಟೆಯ ಬೆಲೆಯೂ ಕಸಿದುಕೊಳ್ಳಲಾರದು. ಸುಡದೆ ಉಳಿಸಿದ ಕಟ್ಟಿಗೆಗೆ ದಿವಾಳಿಯಿಲ್ಲ. ಮೊದಲು ಲೆಕ್ಕ, ಆಮೇಲೆ ಮಿತವ್ಯಯ, ಆಮೇಲೆ ಯಂತ್ರ ಎಂದು ನಾನು ಕ್ರಮ ಹೇಳಿದುದಕ್ಕೆ ಕಾರಣ ಇದೇ.

ಮೂರನೆಯ ಪೂರ್ವಪಕ್ಷಕ್ಕೆ ಈಗ ಬರೋಣ: ಅವು ಶೀತದೇಶಗಳು, ಧನಿಕದೇಶಗಳು, ಅಲ್ಲಿ ಸಲ್ಲುವುದು ಇಲ್ಲಿ ಸಲ್ಲದು. ಹಾಗೆನ್ನುವವರು ನಮ್ಮ ನಾಡಿನ ಚರಿತ್ರೆಯನ್ನೇ ಓದಿಲ್ಲವೆಂದು ಹೇಳಬೇಕಾಗುವುದು. ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕಿನಲ್ಲಿ ಪುರ ಎಂಬ ಹಳ್ಳಿಯಿದೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅ. ಕು. ನ. ರೆಡ್ಡಿಯವರು ೧೯೭೪ರಲ್ಲಿ ಹುಟ್ಟುಹಾಕಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರದವರು ಆ ಹಳ್ಳಿಯಲ್ಲಿ ಸಗಣಿಯ ಅನಿಲದ ಸಾಮುದಾಯಿಕ ಸ್ಥಾವರವನ್ನು ಕಟ್ಟಿದರು. ಮೊದಲು ಅಡುಗೆಗೆಂದು ಯೋಚಿಸಲಾಗಿದ್ದಿತು. ಎಲ್ಲ ಮನೆಗಳ ಒಲೆಗೂ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಆಗ ಅಳೆದು ನೋಡಿ, ೧೯೮೭ರಿಂದ ಅದನ್ನು ಮನೆಯ ದೀಪಕ್ಕೂ ಕುಡಿಯುವ ನೀರೆತ್ತುವುದಕ್ಕೂ ತಿರುಗಿಸಲಾಯಿತು. ಸಗಣಿಯನ್ನು ಹೊತ್ತು ತಂದವರಿಗೆ ತೂಕದ ಮೇಲೆ ಕೂಲಿ. ಕೊಳೆತ ಗೊಬ್ಬರ ಅವರವರ ಹೊಲಕ್ಕೇ ವಾಪಸು. ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ ೧೯೮೮ರಲ್ಲಿ ಮರದ ಅನಿಲದಿಂದ ವಿದ್ಯುತ್ತು ತೆಗೆಯುವ ಯಂತ್ರ ನಿಂತು, ಹತ್ತು ವರ್ಷಗಳಿಗೂ ಮಿಕ್ಕಿ ಆ ಊರಿನ ದೀಪ, ನೀರು, ಹಿಟ್ಟಿನ ಗಿರಣಿಗಳಿಗೆ ಶಕ್ತಿಯನ್ನು ಕೊಟ್ಟಿತು. ಗ್ಯೂಸಿಂಗಿನ ಸ್ಥಾವರ ಏಳುವುದಕ್ಕೆ ಹದಿಮೂರು ವರ್ಷ ಮುಂಚೆ ಅದೇ ಜಾತಿಯ ಕಾರ್ಯವನ್ನು ಸಣ್ಣ ಪ್ರಮಾಣದಲ್ಲಿ ನಮ್ಮ ಹಳ್ಳಿಯೊಂದು ಮಾಡಿತೆಂದು ನಮ್ಮ ಮಕ್ಕಳಿಗೆ ಯಾವ ಶಾಲೆಯಲ್ಲಿ ಹೇಳಿಕೊಡಲಾಗುತ್ತಿದೆ? ಸಾಮ್ಸೊವಿನ ಬೂದಿಯೂ ಪುರದ ಗೊಬ್ಬರವೂ ಒಂದೇ ಧರ್ಮವನ್ನು ಹೇಳುತ್ತಿವೆ: ಹೊಲದಿಂದ ಪಡೆದುದನ್ನು ಹೊಲಕ್ಕೆ ಕೊಡಬೇಕು.

ಯಂತ್ರವೆಂದೊಡನೆ ಅದು ಯಾರದೆಂಬ ಪ್ರಶ್ನೆ ಏಳುವುದು. ಇದನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾಮ್ಸೊವಿನ ನೆಲದ ಮೇಲಿನ ೧೧ ಗಾಳಿಯಂತ್ರಗಳಲ್ಲಿ ೯ ಅಲ್ಲಿಯ ರೈತರ ಸ್ವಂತ. ೨ನ್ನು ಊರವರು ಪಾಲು ಕೂಡಿ ಕೊಂಡರು. ಸಮುದ್ರದ ೧೦ರಲ್ಲಿ ೫ ಪುರಸಭೆಯ ಸೊತ್ತು. ಗಾಳಿಯಂತ್ರದ ಸದ್ದು ಪರರದಾದರೆ ಕರ್ಕಶ, ತನ್ನದಾದರೆ ಇಂಪು. ಮೊದಲು ವಿರೋಧಿಸಿದವರೂ ಪಾಲುದಾರರಾದ ಮೇಲೆ ಗಾಳಿ ಬೀಸಲೆಂದು ಹಾರೈಸಿದುದರಲ್ಲಿ ಆಶ್ಚರ್ಯವಿಲ್ಲ. ಈಗ ನಮ್ಮ ಪಾವಗಡವನ್ನು ನೋಡಿರಿ. ಅಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ ೨,೦೫೦ ಮೆಗಾವಾಟಿನ ಸೌರಶಕ್ತಿ ಸ್ಥಾವರವು ೨೦೧೯ರ ಕೊನೆಯ ಹೊತ್ತಿಗೆ ಪೂರ್ಣವಾಯಿತು. ಪ್ರಪಂಚದ ಅತಿ ದೊಡ್ಡ ಸೌರಕ್ಷೇತ್ರಗಳಲ್ಲಿ ಅದೊಂದು. ಕಲ್ಲಿದ್ದಲನ್ನು ಉಳಿಸುವುದರಲ್ಲಿ ಅದರ ಉಪಕಾರ ದೊಡ್ಡದು. ಮಳೆಗೆ ಬಾಯಿಬಿಡುತ್ತಿದ್ದ ರೈತನಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭವಾದ ಗೇಣಿಯೂ ಸಣ್ಣದಲ್ಲ. ಆದರೆ ಬಿಸಿಲು ಪಾವಗಡದ್ದು, ನೆಲ ಪಾವಗಡದ್ದು, ಯಂತ್ರ ಹೊರಗಿನ ಕಂಪೆನಿಗಳದು. ಭೂಮಿಯುಳ್ಳವನಿಗೆ ಗೇಣಿ ಬಂದಿತು. ಆ ಭೂಮಿಯಲ್ಲಿ ಕಳೆ ಕಿತ್ತು ಜೀವಿಸುತ್ತಿದ್ದ ಕೂಲಿಯವನಿಗೆ ಗೇಣಿಯೂ ಇಲ್ಲ, ಕೆಲಸವೂ ಇಲ್ಲ. ಗೇಣಿ ಪಡೆಯುವ ಊರು ಬೇರೆ, ಒಡೆತನವುಳ್ಳ ಊರು ಬೇರೆ. ಋಣಮುಕ್ತಿಯ ಹೆಸರಿನಲ್ಲಿ ಊರು ತನ್ನ ಬಿಸಿಲಿಗೂ ಪರಾಧೀನವಾಗುವುದಾದರೆ ಅದು ಒಬ್ಬ ಸಾಹುಕಾರನ ಸಾಲವನ್ನು ಇನ್ನೊಬ್ಬ ಸಾಹುಕಾರನಲ್ಲಿ ತೀರಿಸಿದಂತೆಯೇ ಸರಿ.

ಹಾಗಾದರೆ ನಮ್ಮಂಥ ಪಟ್ಟಣವು ಮಾಡತಕ್ಕದ್ದೇನು? ಪೂರ್ವಪಕ್ಷಗಳನ್ನು ಖಂಡಿಸಿದವನು ಸಿದ್ಧಾಂತವನ್ನೂ ಹೇಳಬೇಕಷ್ಟೆ.

ಮೊದಲನೆಯದು ಲೆಕ್ಕ. ಪಟ್ಟಣಕ್ಕೆ ವರ್ಷದಲ್ಲಿ ಬಂದ ವಿದ್ಯುತ್ತೆಷ್ಟು ಯೂನಿಟ್ಟು, ಬಂಕುಗಳಲ್ಲಿ ಮಾರಿದ ಪೆಟ್ರೋಲು, ಡೀಸೆಲ್ಲು ಎಷ್ಟು ಲೀಟರು, ಹಂಚಿದ ಸಿಲಿಂಡರುಗಳೆಷ್ಟು, ಕಸದ ರಾಶಿಗೆ ಸುರಿದುದೆಷ್ಟು ಟನ್ನು ಎಂಬ ನಾಲ್ಕು ಅಂಕಿಗಳು ಸಿಕ್ಕರೆ ಸಾಲದ ಮುಕ್ಕಾಲು ಮೂರು ವೀಸ ತಿಳಿದಂತಾಯಿತು. ಇವು ರಹಸ್ಯಗಳಲ್ಲ, ಯಾವುದೋ ಒಂದು ಕಚೇರಿಯಲ್ಲಿ, ಯಾವುದೋ ಒಂದು ಅಂಗಡಿಯಲ್ಲಿ ಬರೆದಿಟ್ಟಿರುವುವೇ. ಕೂಡಿಸುವವರಿಲ್ಲ. ಕಾಲೇಜಿನ ಹತ್ತು ಮಂದಿ ವಿದ್ಯಾರ್ಥಿಗಳೂ ಒಬ್ಬ ಉಪಾಧ್ಯಾಯರೂ ಒಂದು ತಿಂಗಳು ಕುಳಿತರೆ ಆಗುವ ಕೆಲಸವಿದು.

ಎರಡನೆಯದು ಮಿತವ್ಯಯ. ಪುರಸಭೆಯ ವಿದ್ಯುತ್ತಿನಲ್ಲಿ ಬಹುಭಾಗ ನೀರೆತ್ತುವುದಕ್ಕೂ ಬೀದಿದೀಪಕ್ಕೂ ವ್ಯಯವಾಗುವುದು. ಸಾವಿರ ಲೀಟರು ನೀರನ್ನು ನೂರು ಮೀಟರು ಮೇಲೆತ್ತಲು, ಪಂಪಿನ ನಷ್ಟವೂ ಸೇರಿ, ಸುಮಾರು ಅರ್ಧ ಯೂನಿಟ್ಟು ಬೇಕು. ಹಾಗೆ ಎತ್ತಿ ತಂದ ನೀರು ಒಡೆದ ಕೊಳವೆಯಿಂದ ಚರಂಡಿಗೆ ಹರಿದರೆ, ಹರಿದುದು ನೀರು ಮಾತ್ರವಲ್ಲ, ಕಲ್ಲಿದ್ದಲು. ಸೋರುವ ಕೊಳವೆಯನ್ನು ಮುಚ್ಚಿಸುವುದು ನೂರು ಸಸಿ ನೆಡುವುದಕ್ಕಿಂತ ದೊಡ್ಡ ಪುಣ್ಯ. ಆದರೆ ಅದರಲ್ಲಿ ಹಾರತುರಾಯಿಗಳಿಲ್ಲ. ಹಸಿಕಸವು ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಎಂಬ ವಾಯು ಹೊರಡುವುದು. ನೂರು ವರ್ಷದ ಲೆಕ್ಕದಲ್ಲಿ ಅದು ತೂಕಕ್ಕೆ ತೂಕ ಡೈಆಕ್ಸೈಡಿಗಿಂತ ಸುಮಾರು ೨೮ 'ಪಟ್ಟು' ಬಿಸಿ ಹಿಡಿಯುವುದು. ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ೨೦೧೬ರ ನಿಯಮಗಳೇ ವಿಧಿಸಿದುವು. ಬೇರ್ಪಡಿಸಿದ ಹಸಿಕಸವನ್ನು ಪುರದ ಸಗಣಿಯಂತೆ ಅನಿಲವಾಗಿಯೂ ಗೊಬ್ಬರವಾಗಿಯೂ ಮಾಡಿಕೊಳ್ಳಲು ಅಡ್ಡಿಯೇನು?

ಮೂರನೆಯದು ಸ್ವಂತದ ಯಂತ್ರ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟಿನ ಸೌರಫಲಕವು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಡಬಲ್ಲುದು. ಮನೆಯ ಮಾಳಿಗೆಗಾಗಿ ಕೇಂದ್ರ ಸರ್ಕಾರವು ೨೦೨೪ರಲ್ಲಿ ಪ್ರಾರಂಭಿಸಿದ ಯೋಜನೆಯಲ್ಲಿ ೭೮,೦೦೦ ರೂಪಾಯಿಯವರೆಗೆ ಸಹಾಯಧನವುಂಟು. ಸ್ವಂತ ಮಾಳಿಗೆಯಿಲ್ಲದ ಬಾಡಿಗೆಯವನ ಗತಿಯೇನು? ಅದಕ್ಕೇ ಶಾಲೆ, ಆಸ್ಪತ್ರೆ, ಬಸ್ಸುನಿಲ್ದಾಣ, ಪುರಸಭೆಗಳ ಮಾಳಿಗೆಗಳಿವೆ. ನೂರು ವರ್ಷಗಳಿಂದ ಸಹಕಾರ ಸಂಘಗಳನ್ನು ನಡೆಸಿ ಅನುಭವವುಳ್ಳ ನಾಡು ನಮ್ಮದು. ಸಾಲಕ್ಕೂ ಹಾಲಿಗೂ ಕೂಡಿದ ಜನ ಬಿಸಿಲಿಗೆ ಕೂಡಬಾರದೆ?

ಕಡೆಯದಾಗಿ, ಈ ಪತ್ರಿಕೆಯನ್ನು ಓದುವ ಸುಶಿಕ್ಷಿತ ಮನೆತನದವರಿಗೆ ನೇರವಾಗಿ ಒಂದು ಮಾತು. ಭಾರತದ ಪ್ರಜೆಯೊಬ್ಬನ ಪಾಲಿನ ಡೈಆಕ್ಸೈಡು ವರ್ಷಕ್ಕೆ ಸುಮಾರು ಎರಡು ಟನ್ನು. ಪ್ರಪಂಚದ ಸರಾಸರಿಯ ಅರ್ಧಕ್ಕೂ ಕಡಮೆ. ಆದುದರಿಂದ ದೋಷ ನಮ್ಮದಲ್ಲವೆಂದು ನಾವು ಹೇಳಿಕೊಳ್ಳುವೆವು. ಸರಾಸರಿಯೆಂಬುದು ದೊಡ್ಡ ಮರೆ. ಕೂಲಿಯವನು ಉರಿಸದ ಪೆಟ್ರೋಲಿನ ನೆರಳಿನಲ್ಲಿ ನಾವು ಅಡಗಿದ್ದೇವೆ. ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋಗಿಬರುವ ಒಂದು ವಿಮಾನಪ್ರಯಾಣದಲ್ಲಿ ಒಬ್ಬೊಬ್ಬ ಪ್ರಯಾಣಿಕನ ಪಾಲಿಗೆ ಬರುವ ಹೊಗೆ ಎರಡು ಟನ್ನಿಗೆ ಕಡಮೆಯಿಲ್ಲ. ಅಂದರೆ ಸರಾಸರಿ ಭಾರತೀಯನ ಇಡೀ ವರ್ಷದ ಬಾಳು. ಹೋಗಬೇಡಿರೆಂದು ಹೇಳುವ ಕಠೋರತೆ ನನಗಿಲ್ಲ. ಮಕ್ಕಳ ಮೋಹ ಎಲ್ಲರಿಗೂ ಒಂದೇ. ಆದರೆ ಹೋಗಿಬಂದ ಮನೆಯವರು ಅರ್ಧ ಮೈಲಿಯಾಚೆಯ ಶಾಲೆಗೆ ಮೊಮ್ಮಗನನ್ನು ಮೋಟಾರಿನಲ್ಲಿ ಕಳುಹಿಸಿ, ಪರಿಸರ ದಿನದಂದು ಅವನ ಕೈಯಲ್ಲಿ ಸಸಿ ಹಿಡಿಸುವುದನ್ನು ಧರ್ಮವೆಂದು ಕರೆಯಬಾರದು. ಊರಿನ ಸಾಲವನ್ನು ಮಾಡಿದವರು ನಾವು. ತೀರಿಸುವ ಹೊರೆಯನ್ನು ಒಲೆಯೂದುವ ಬಡವಳ ಮೇಲೆ ಹಾಕಲಾಗದು. ಆಕೆಗೆ ಇನ್ನೂ ಹೆಚ್ಚು ದೀಪ, ಹೆಚ್ಚು ಅನಿಲ ಸಲ್ಲಬೇಕಾಗಿದೆ. ನಮ್ಮ ಮನೆಗಳಿಂದಲೇ ಕಡಮೆಯಾಗಬೇಕು.

ಭಾರತವು ೨೦೭೦ರೊಳಗೆ ಋಣಮುಕ್ತವಾಗುವುದೆಂದು ೨೦೨೧ರಲ್ಲಿ ಗ್ಲಾಸ್ಗೊ ಸಮ್ಮೇಳನದಲ್ಲಿ ಪ್ರಧಾನಮಂತ್ರಿಗಳು ವಚನವಿತ್ತರು. ಆ ವಚನವು ದೆಹಲಿಯಲ್ಲಿ ತೀರುವಂಥದಲ್ಲ. ಪಂಪುಮನೆಯಲ್ಲಿ, ತಿಪ್ಪೆಯಲ್ಲಿ, ಮಾಳಿಗೆಯಲ್ಲಿ ತೀರಬೇಕಾದುದು. ಯುಗಾದಿಯ ದಿನ ದೇವಸ್ಥಾನದಲ್ಲಿ ಪಂಚಾಂಗಶ್ರವಣ ಮಾಡುವಾಗ ರಾಶಿರಾಶಿಗೂ ಆಯವೆಷ್ಟು ವ್ಯಯವೆಷ್ಟು ಎಂದು ಓದುವುದನ್ನು ನಾವೆಲ್ಲರೂ ಶ್ರದ್ಧೆಯಿಂದ ಕೇಳುತ್ತೇವೆ. ಅದೇ ದಿನ ಸಂಜೆ ಊರಿನ ಮೈದಾನದಲ್ಲಿ ಊರಿನ ಹೊಗೆಯ ಆಯವ್ಯಯವನ್ನೂ ಓದಲಿ: ಹೋದ ವರ್ಷ ಇಷ್ಟು, ಈ ವರ್ಷ ಇಷ್ಟು, ಹೆಚ್ಚಿದುದೇತಕ್ಕೆ, ತಗ್ಗಿದುದೆಲ್ಲಿ. ಮುಂದಿನ ಸಸಿಯ ಉತ್ಸವಕ್ಕೆ ಆಹ್ವಾನಪತ್ರಿಕೆಯನ್ನು ತಂದವರೊಡನೆ ಈ ಲೆಕ್ಕವನ್ನು ಮೊದಲು ಕೇಳಬೇಕೆಂದೂ, ಲೆಕ್ಕವಿಲ್ಲವೆಂದರೆ ಅಂದಿನ ದಿನವನ್ನು ಅದನ್ನು ಬರೆಯುವುದಕ್ಕೆ ಕೊಡಬೇಕೆಂದೂ ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆ.